ಗಡಿ ದಾಟಿದ ಬೆಳ್ಳಿ

ಲಡಾಖ್‌ನ ಸರೋವರದ ದಂಡೆಯಲ್ಲಿ ಸೈನಿಕರು ಆರು ತಿಂಗಳು ಬೆನ್ನುಹತ್ತಿದ ಬೆಳಕು. ರೇಡಾರ್‌ಗೆ ಸಿಗಲಿಲ್ಲ, ಡ್ರೋನ್‌ಗೆ ಎಟುಕಲಿಲ್ಲ. ಗುಟ್ಟು ಬಿಡಿಸಿದ್ದು ಬೆಂಗಳೂರಿನ ಖಗೋಳ ಸಂಸ್ಥೆ. ಪಡುವಣ ಬೆಟ್ಟದ ಮೇಲೆ ದೀಪ ಕಂಡಾಗಲೆಲ್ಲ ಕಾರವಾರದ ಕಡೆ ಬೊಟ್ಟು ಮಾಡುವ ಘಟ್ಟದ ಮೇಲಿನವರು ಆ ತನಿಖೆಯ ಕಥೆಯನ್ನು ಒಮ್ಮೆ ಓದಬೇಕು.

ಅಡಿಕೆ ಕೊಯ್ಲಿನ ದಿನಗಳು. ಸಿದ್ದಾಪುರದ ಕಡೆಯ ಯಾವ ಊರಿಗೆ ಹೋದರೂ ಸಂಜೆ ಏಳರ ಹೊತ್ತಿಗೆ ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು. ಬೆಳಿಗ್ಗೆ ಕೊನೆಗೌಡ ಇಳಿಸಿಕೊಟ್ಟ ಕೊನೆಗಳ ರಾಶಿ ಒಂದು ಕಡೆ, ಸುಲಿದ ಅಡಿಕೆ ಕುದಿಯುವ ಹಂಡೆ ಇನ್ನೊಂದು ಕಡೆ. ತೊಗರಿನ ವಾಸನೆ ಊರಿಡೀ. ಕೈಗೆ ಬಿಡುವಿಲ್ಲ, ಬಾಯಿಗೆ ಧಾರಾಳ ಬಿಡುವು.

ಅಂಥ ಹೊತ್ತಿನಲ್ಲಿ ಹುಡುಗನೊಬ್ಬ ಕತ್ತೆತ್ತಿ ಪಡುವಣ ಬೆಟ್ಟದ ಕಡೆ ತೋರಿಸುತ್ತಾನೆ. ಮರಗಳ ತುದಿಗೆ ಸ್ವಲ್ಪ ಮೇಲೆ ಹಳದಿ ಬಣ್ಣದ ದೊಡ್ಡ ಬೆಳಕು. ಮಿನುಗುವುದಿಲ್ಲ, ಸದ್ದಿಲ್ಲ. ನೋಡುತ್ತ ನಿಂತರೆ ಅಲ್ಲಾಡಿದ ಹಾಗೂ ಕಾಣುತ್ತದೆ. ಡ್ರೋನ್ ಎನ್ನುತ್ತಾನೆ ಒಬ್ಬ. ಕಾರವಾರದ ನೇವಿಯವರದ್ದು ಎಂದು ಇನ್ನೊಬ್ಬ. ಕೈಗಾದಲ್ಲಿ ಏನೋ ಆಗಿದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹೊರಡುವುದು ಒಂದೈದು ನಿಮಿಷ ತಡವಷ್ಟೇ. ಆಗ ಜಗಲಿಯ ಮೇಲಿನ ಹಿರಿಯರೊಬ್ಬರು ಕವಳದ ತಟ್ಟೆ ಸರಿಸಿ ಕೇಳುತ್ತಾರೆ: “ತಮಾ, ನಿನ್ನೇನೂ ಅಲ್ಲೇ ಇದ್ದಿತ್ತಾ?”

ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲು ದೇಶದ ಗಡಿ ಕಾಯುವ ಪಡೆಗಳಿಗೆ 2012–13ರಲ್ಲಿ ಅರ್ಧ ವರ್ಷ ಹಿಡಿಯಿತು.

ಚೀನಾ ಕಡೆಯಿಂದ ಏಳುವ ಬೆಳಕು

ಪ್ಯಾಂಗಾಂಗ್ ಸರೋವರ ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಸುಮಾರು 134 ಕಿ.ಮೀ. ಉದ್ದ, ಉಪ್ಪು ನೀರು, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಪಶ್ಚಿಮದ ತುಂಡು ನಮ್ಮ ಕೈಯಲ್ಲಿ, ಪೂರ್ವದ ದೊಡ್ಡ ಭಾಗ ಚೀನಾದ ಹಿಡಿತದಲ್ಲಿ. ನಡುವೆ ವಾಸ್ತವ ನಿಯಂತ್ರಣ ರೇಖೆ. ಅದು ಎಲ್ಲಿ ಹಾಯುತ್ತದೆ ಎನ್ನುವುದರಲ್ಲೇ ಎರಡೂ ದೇಶಗಳಿಗೆ ಒಮ್ಮತವಿಲ್ಲ. ದಕ್ಷಿಣ ದಂಡೆಯ ಮೇಲೆ ಠಾಕುಂಗ್ ಎಂಬ ಜಾಗ. ಮರವಿಲ್ಲ, ಊರಿಲ್ಲ, ಬೀದಿದೀಪವಿಲ್ಲ.

2012ರ ಆಗಸ್ಟ್‌ನಿಂದ ಅಲ್ಲಿನ ಕಾವಲಿನವರು ಕಂಡದ್ದನ್ನು ಬರೆದಿಡತೊಡಗಿದರು. ದಿಗಂತದಿಂದ, ಅದೂ ಚೀನಾ ಬದಿಯ ದಿಗಂತದಿಂದ, ಹಳದಿ ಗೋಳವೊಂದು ಮೇಲೇಳುತ್ತದೆ. ಅವಸರವಿಲ್ಲದೆ ಆಕಾಶ ಹಾಯುತ್ತದೆ. ಗಂಟೆಗಟ್ಟಲೆ ಕಾಣಿಸಿಕೊಂಡು ಮರೆಯಾಗುತ್ತದೆ. ಒಂದು ಸಂಜೆ ಆರರ ಸುಮಾರಿಗೆ ಬಂದು ಬೆಳಗಿನ ಐದರವರೆಗೆ ಇರುತ್ತದೆ. ಇನ್ನೊಂದು ಬೆಳಗಿನ ನಾಲ್ಕಕ್ಕೆ ಎದ್ದು ಹನ್ನೊಂದು ಗಂಟೆಯವರೆಗೂ, ಅಂದರೆ ಹಾಡುಹಗಲಲ್ಲೂ, ಕಾಣುತ್ತದೆ.

ಸೇನೆಯ ಕಡತದಲ್ಲಿ ಇವು ಸೇರಿದ್ದು ಚೀನಾದ ಬೇಹುಗಾರಿಕೆ ಡ್ರೋನ್ ಇರಬಹುದೆಂಬ ಶಂಕೆಯೊಡನೆ. ಮುಂದಿನ ಫೆಬ್ರುವರಿ ಹೊತ್ತಿಗೆ ದಾಖಲೆಯಾದ ದರ್ಶನಗಳು 329. ಅವುಗಳಲ್ಲಿ 155 ಸಲ ಬೆಳಕು ವಾಸ್ತವ ನಿಯಂತ್ರಣ ರೇಖೆ ದಾಟಿ ಭಾರತದೊಳಕ್ಕೆ ಬಂದಿದೆ ಎಂಬ ಲೆಕ್ಕ.

ನಗು ಬರುವುದು ಸಹಜ. ಆದರೆ ಆ ದಂಡೆಯಲ್ಲಿ ನಿಂತವರ ಜಾಗದಲ್ಲಿ ನಿಂತು ನೋಡಿ. ಅವರ ಎದುರಿಗಿರುವುದು ಪೂರ್ವ. ಪೂರ್ವವೆಂದರೆ ಚೀನಾ. ಆಕಾಶದಲ್ಲಿ ಹುಟ್ಟುವುದೆಲ್ಲ ಹುಟ್ಟುವುದು ಆ ಕಡೆಯಿಂದಲೇ, ಮುಳುಗಲು ಬರುವುದು ಈ ಕಡೆಗೇ. ಸೂರ್ಯ ಚಂದ್ರರೂ ಆ ಲೆಕ್ಕದಲ್ಲಿ ದಿನಾ ಗಡಿ ಉಲ್ಲಂಘಿಸುವವರೇ. ಗುರುತು ಸಿಕ್ಕುವುದರಿಂದ ಬಚಾವಾಗುತ್ತಾರೆ, ಅಷ್ಟೆ.

ಶಂಕೆಗೆ ಬೇರೆ ಕಾರಣವೂ ಇತ್ತು. ಆ ಗಡಿಯಲ್ಲಿ ನಿಜವಾದ ಅತಿಕ್ರಮಣಗಳೇ ಕಡಿಮೆ ಇರಲಿಲ್ಲ. ಬೆಳಕಿನ ಗದ್ದಲ ಮುಗಿಯುವ ಮುಂಚೆ, 2013ರ ಏಪ್ರಿಲ್‌ನಲ್ಲಿ, ಚೀನಾದ ತುಕಡಿಯೊಂದು ಲಡಾಖ್‌ನ ಡೆಪ್ಸಾಂಗ್ ಬಯಲಿನಲ್ಲಿ ಡೇರೆ ಹಾಕಿ ಮೂರು ವಾರ ಕದಲಲಿಲ್ಲ. ಅಂಥ ಜಾಗದಲ್ಲಿ ಕಾವಲಿಗಿದ್ದವನು ಬೆಳಕು ಕಂಡು ಸುಮ್ಮನಿದ್ದರೆ ತಪ್ಪು, ಬರೆದಿಟ್ಟರೆ ತಪ್ಪಲ್ಲ.

ರೇಡಾರ್ ಸುಮ್ಮನಿತ್ತು

ಬೆಳಕಿನ ಬೆನ್ನಟ್ಟಲು ಸಲಕರಣೆಗಳು ಬಂದವು. ಆಗಿನ ಪತ್ರಿಕಾ ವರದಿಗಳ ಪ್ರಕಾರ ಸರೋವರದ ಬಳಿಯ ಬೆಟ್ಟವೊಂದಕ್ಕೆ ಸಂಚಾರಿ ರೇಡಾರ್ ಘಟಕವನ್ನೂ ರೇಡಿಯೊ ಸಂಕೇತ ಹಿಡಿಯುವ ಯಂತ್ರವನ್ನೂ ಸಾಗಿಸಲಾಯಿತು. ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದ ವಸ್ತು ರೇಡಾರ್ ಪರದೆಯ ಮೇಲೆ ಇಲ್ಲವೇ ಇಲ್ಲ. ಯಂತ್ರಕ್ಕೆ ಯಾವ ಸಂಕೇತವೂ ಸಿಗಲಿಲ್ಲ. ಬೆಳಕಿನ ಕಡೆಗೆ ಒಂದು ಡ್ರೋನ್ ಹಾರಿಸಿದರು. ಅದು ತನ್ನ ಗರಿಷ್ಠ ಎತ್ತರಕ್ಕೇರಿದರೂ ಬೆಳಕು ಎಟುಕಲಿಲ್ಲ.

ಇಲ್ಲಿಂದ ಹೊರಟ ತರ್ಕ ಸ್ವಾರಸ್ಯವಾಗಿದೆ. ರೇಡಾರ್‌ಗೆ ಕಾಣದೆಂದರೆ ವಸ್ತು ಲೋಹದ್ದಲ್ಲ. ಲೋಹದ್ದಲ್ಲವೆಂದರೆ ಹೊಸ ತಂತ್ರಜ್ಞಾನ. ಹೊಸ ತಂತ್ರಜ್ಞಾನವೆಂದರೆ ಇನ್ನಷ್ಟು ಅಪಾಯ. ಹೀಗೆ ಸಾಕ್ಷ್ಯ ಇಲ್ಲದಿರುವುದೇ ಸಾಕ್ಷ್ಯವಾಗಿ ಬೆಳೆಯುತ್ತ ಹೋಯಿತು. 2012ರ ನವೆಂಬರ್‌ನಲ್ಲಿ ಸುದ್ದಿ ಹೊರಬಿದ್ದಾಗ ಮಾಧ್ಯಮಗಳಲ್ಲಿ ಹಾರುವ ತಟ್ಟೆಗಳ ಹಬ್ಬ.

ರೇಡಾರ್ ಸುಮ್ಮನಿದ್ದುದಕ್ಕೆ ಇನ್ನೊಂದು ಅರ್ಥ ಇತ್ತು: ವಸ್ತು ಅದರ ಅಳವಿಗೆ ಮೀರಿದ ದೂರದಲ್ಲಿದೆ. ಎಷ್ಟು ದೂರ? 2012ರ ಡಿಸೆಂಬರ್ 3ರಂದು ಗುರುಗ್ರಹ ಸೂರ್ಯನಿಗೆ ನೇರ ಎದುರು ಬಂದಿತ್ತು. ಆಗ ಅದು ಭೂಮಿಗೆ ಹತ್ತಿರ, ಅಂದರೆ ಸುಮಾರು 61 ಕೋಟಿ ಕಿಲೋಮೀಟರ್. ಠಾಕುಂಗ್‌ನಿಂದ ಬಿಟ್ಟ ರೇಡಾರ್ ಅಲೆ ಬೆಳಕಿನ ವೇಗದಲ್ಲೇ ಹೋಗಿ ಗುರುವಿಗೆ ತಾಗಿ ವಾಪಸು ಬರಲು ಒಂದು ಗಂಟೆ ಎಂಟು ನಿಮಿಷ ಬೇಕು. ಬಂದರೂ ಅದನ್ನು ಹಿಡಿಯುವ ಶಕ್ತಿ ಬೆಟ್ಟದ ಮೇಲಿನ ಆ ಯಂತ್ರಕ್ಕಿಲ್ಲ.

ಬೆಂಗಳೂರಿಗೆ ಬಂದ ಕಡತ

ಕೊನೆಗೆ ಸೇನೆ ಕರೆದದ್ದು ಭಾರತೀಯ ಖಭೌತ ಸಂಸ್ಥೆಯನ್ನು. ಕೋರಮಂಗಲದಲ್ಲಿರುವ ಈ ಸಂಸ್ಥೆಗೆ ಲಡಾಖ್ ಹೊಸ ಜಾಗವಲ್ಲ. ಅಲ್ಲಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಅದರ ವೀಕ್ಷಣಾಲಯವಿದೆ. ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಮೊದಲ ಬೆಳಕು ಕಂಡದ್ದು 2000ದಲ್ಲಿ. ಅದನ್ನು ನಡೆಸುವವರು ಕೂತಿರುವುದು ಮಾತ್ರ ಇಲ್ಲೇ ಹೊಸಕೋಟೆಯಲ್ಲಿ. ಉಪಗ್ರಹ ಸಂಪರ್ಕದ ಮೂಲಕ ಲಡಾಖ್‌ನ ಆಕಾಶಕ್ಕೆ ಹೊಸಕೋಟೆಯಿಂದ ಗುರಿ ಇಡುತ್ತಾರೆ. ಅಷ್ಟೇ ಅಲ್ಲ, ಪ್ಯಾಂಗಾಂಗ್‌ನದೇ ದಂಡೆಯ ಮೆರಾಕ್‌ನಲ್ಲಿ ದೊಡ್ಡ ಸೌರ ದೂರದರ್ಶಕ ನಿಲ್ಲಿಸುವ ಯೋಜನೆಯೂ ಈ ಸಂಸ್ಥೆಯದ್ದೇ.

ತುಷಾರ್ ಪ್ರಭು ಮತ್ತಿತರ ಖಗೋಳಜ್ಞರ ಮುಂದಿದ್ದ ಪ್ರಶ್ನೆ ಸರಳ. ಇವು ಭೂಮಿಯವೋ, ಆಕಾಶದವೋ?

ಅದನ್ನು ಬಿಡಿಸಲು ದೊಡ್ಡ ದೂರದರ್ಶಕ ಬೇಕಾಗಲಿಲ್ಲ. ಬೆಳಕು ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಚಲಿಸುತ್ತದೆ ಎಂದು ಗಮನಿಸಿದರೆ ಸಾಕಿತ್ತು. ಭೂಮಿ ತಿರುಗುವುದರಿಂದ ನಕ್ಷತ್ರಗಳೆಲ್ಲ ಗಂಟೆಗೆ 15 ಡಿಗ್ರಿಯಂತೆ ಪಶ್ಚಿಮಕ್ಕೆ ಜಾರುತ್ತವೆ. ಡ್ರೋನ್‌ಗೆ ಈ ಶಿಸ್ತು ಇರುವುದಿಲ್ಲ. ಅದು ನಿಲ್ಲಬಹುದು, ತಿರುಗಬಹುದು, ನಕ್ಷತ್ರಗಳನ್ನು ಹಿಂದಿಕ್ಕಿ ಹೋಗಬಹುದು. ಠಾಕುಂಗ್‌ನ ಬೆಳಕುಗಳು ಹಾಗೇನೂ ಮಾಡುತ್ತಿರಲಿಲ್ಲ. ಸುತ್ತಲಿನ ನಕ್ಷತ್ರಗಳ ಜೊತೆಗೇ ಎದ್ದು, ಜೊತೆಗೇ ಸಾಗಿ, ಜೊತೆಗೇ ಇಳಿಯುತ್ತಿದ್ದವು.

ಇನ್ನೊಂದು ಗುರುತೂ ಇದೆ. ನಕ್ಷತ್ರವೊಂದು ಪ್ರತಿದಿನ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮೊದಲು ಹುಟ್ಟುತ್ತದೆ. ವಾರಕ್ಕೆ ಅರ್ಧ ಗಂಟೆ, ತಿಂಗಳಿಗೆ ಎರಡು ಗಂಟೆ. ದೂರದ ಗುರುವೂ ಹೆಚ್ಚುಕಡಿಮೆ ಇದೇ ವೇಳಾಪಟ್ಟಿಯವನು. ಆಗಸ್ಟ್‌ನಲ್ಲಿ ನಡುರಾತ್ರಿ ಕಳೆದ ಮೇಲೆ ಹುಟ್ಟುತ್ತಿದ್ದವನು ಡಿಸೆಂಬರ್ ಹೊತ್ತಿಗೆ ಸಂಜೆಯೇ ಬರುತ್ತಾನೆ. ಚೀನಾದ ಯಾವ ಸೇನಾಧಿಕಾರಿಯೂ ತನ್ನ ಡ್ರೋನ್‌ಗೆ ದಿನಕ್ಕೆ ನಾಲ್ಕು ನಿಮಿಷದಂತೆ ಸಮಯ ಹಿಂದೆ ಸರಿಸಿ ಆದೇಶ ಹೊರಡಿಸಲಾರ.

2013ರ ಜುಲೈನಲ್ಲಿ ಉತ್ತರ ಪತ್ರಿಕೆಗಳಲ್ಲಿ ಬಂತು. ಸಂಜೆಯ ಬೆಳಕು ಗುರು. ಬೆಳಗಿನ ಬೆಳಕು ಶುಕ್ರ, ನಮ್ಮ ಹಳ್ಳಿಗಳ ಬೆಳ್ಳಿ. ಮುಂಜಾವಿನಲ್ಲಿ ಎದ್ದ ಬೆಳ್ಳಿಯನ್ನು ಕಣ್ಣು ಬಿಡದೆ ಹಿಂಬಾಲಿಸಿದರೆ ಸೂರ್ಯ ಹುಟ್ಟಿದ ಮೇಲೂ ನೋಡಬಹುದು. ಲಡಾಖ್‌ನ ತೆಳು ಗಾಳಿ, ದೂಳಿಲ್ಲದ ಕಡುನೀಲಿ ಆಕಾಶದಲ್ಲಿ ಇದು ಇನ್ನೂ ಸುಲಭ. ಸೈನಿಕರು ಹನ್ನೊಂದು ಗಂಟೆಯವರೆಗೆ ನೋಡಿದ್ದಾರೆಂದರೆ ಅವರ ಕಣ್ಣನ್ನು ಮೆಚ್ಚಬೇಕು.

ಇದರಲ್ಲೊಂದು ವಿಚಿತ್ರವಿದೆ. ಇದೇ 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕಿಯಾಗಿ ಹಾಯ್ದಿತ್ತು. ದೇಶದ ಮಕ್ಕಳೆಲ್ಲ ಸೌರ ಕನ್ನಡಕ ಹಾಕಿ ಕಂಡ ಶುಕ್ರ ಸಂಕ್ರಮಣ, ಮುಂದಿನದು 2117ರಲ್ಲಿ. ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಶುಕ್ರನದೇ ಮಾತು. ಎರಡು ತಿಂಗಳು ಕಳೆಯುವುದರೊಳಗೆ ಅದೇ ಶುಕ್ರ ಗಡಿ ನುಸುಳುಕೋರರ ಪಟ್ಟಿಯಲ್ಲಿ.

ಬಾಕ್ಸ್: ಮುಷ್ಟಿಯೇ ಮಾಪಕ

*ಬೆಳಕು ಕಂಡ ಕೂಡಲೇ ಗಡಿಯಾರ ನೋಡಿ. ಮನೆಯ ಮೂಲೆಯನ್ನೋ ಒಂದು ತೆಂಗಿನ ಮರವನ್ನೋ ಗುರುತಾಗಿಟ್ಟುಕೊಳ್ಳಿ. ಕೈಯನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಗ್ರಹವೋ ನಕ್ಷತ್ರವೋ ಆಗಿದ್ದರೆ ಒಂದು ಮುಷ್ಟಿ ಸರಿಯಲು ಸುಮಾರು 40 ನಿಮಿಷ ಬೇಕು.*

*ಎರಡು ಮೂರು ನಿಮಿಷದಲ್ಲಿ ಆಕಾಶ ಹಾಯ್ದು ನಡುವೆಯೇ ಆರಿಹೋದರೆ ಕೃತಕ ಉಪಗ್ರಹ. ಭೂಮಿಯ ನೆರಳಿಗೆ ಹೊಕ್ಕಾಗ ಅದು ಆರುತ್ತದೆ. ಸಾಲಾಗಿ ಮುತ್ತು ಪೋಣಿಸಿದ ಹಾಗೆ ಬಂದರೆ ಹೊಸದಾಗಿ ಉಡಾಯಿಸಿದ ಸ್ಟಾರ್‌ಲಿಂಕ್ ಗುಂಪು. ಮೊದಲ ಅರವತ್ತು ಹಾರಿದ್ದು 2019ರ ಮೇ ತಿಂಗಳಲ್ಲಿ. ಕೆಂಪು ಹಸಿರು ಮಿಣುಕಿದರೆ ವಿಮಾನ. ಉರಿಯುತ್ತ ಚೂರುಚೂರಾಗಿ ಸಾಗಿದರೆ ರಾಕೆಟ್ಟಿನ ಅವಶೇಷ ಇರಬಹುದು: 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಆಕಾಶದಲ್ಲಿ ಚೀನಾದ ರಾಕೆಟ್ ಭಾಗ ಹೀಗೆ ಉರಿದು ಬಿದ್ದು, ಚಂದ್ರಪುರ ಜಿಲ್ಲೆಯಲ್ಲಿ ಲೋಹದ ಬಳೆ ಸಿಕ್ಕಿತ್ತು.*

*ಮರುದಿನ ಅದೇ ಹೊತ್ತಿಗೆ, ಅದೇ ಮರದ ಹತ್ತಿರ ಮತ್ತೆ ಕಂಡರೆ ಪೊಲೀಸ್ ಠಾಣೆಗೆ ಫೋನ್ ಮಾಡುವ ಅಗತ್ಯವಿಲ್ಲ.*

ಕಣ್ಣು ಅಳೆಯಲಾರದ್ದು

ತರಬೇತಾದ ಕಾವಲುಗಾರನಿಗೆ ಹೀಗೇಕಾಯಿತು? ಹಗಲಲ್ಲಿ ಬೆಟ್ಟ, ಮನೆ, ಮನುಷ್ಯರ ಗಾತ್ರ ಗೊತ್ತಿರುವುದರಿಂದ ದೂರವನ್ನು ಅಂದಾಜು ಮಾಡುತ್ತೇವೆ. ಕತ್ತಲಲ್ಲಿ ಒಂಟಿ ಬೆಳಕು ಕಂಡರೆ ಆ ಆಧಾರ ಕೈಬಿಡುತ್ತದೆ. ಹತ್ತಿರದ ಮಂದ ದೀಪವೂ ದೂರದ ಪ್ರಖರ ದೀಪವೂ ಕಣ್ಣಿಗೆ ಒಂದೇ. ಆಗ ದೂರವನ್ನು ತುಂಬಿಕೊಡುವುದು ಮನಸ್ಸು. ಅದು ತನಗೆ ಯಾವುದರ ಭಯವೋ ಅದು ಇರಬಹುದಾದ ದೂರಕ್ಕೇ ಬೆಳಕನ್ನು ಇಡುತ್ತದೆ.

ಚಲನೆಯದ್ದೂ ಇದೇ ಪಾಡು. ಕಪ್ಪು ಹಿನ್ನೆಲೆಯಲ್ಲಿ ಒಂದೇ ಬೆಳಕನ್ನು ದಿಟ್ಟಿಸುತ್ತಿದ್ದರೆ ನಿಂತಿದ್ದೂ ತೇಲಿದಂತೆ ತೋರುತ್ತದೆ. ಕಣ್ಣುಗುಡ್ಡೆ ಎಂದೂ ಪೂರ್ತಿ ನಿಶ್ಚಲವಾಗಿ ಇರುವುದಿಲ್ಲ; ಹೋಲಿಸಲು ಬೇರೇನೂ ಇಲ್ಲದಾಗ ಆ ಅಲುಗಾಟ ಬೆಳಕಿನ ಲೆಕ್ಕಕ್ಕೆ ಜಮಾ ಆಗುತ್ತದೆ. 1930ರ ದಶಕದಲ್ಲಿ ಮುಜಾಫರ್ ಶೆರೀಫ್ ಎಂಬ ಮನಃಶಾಸ್ತ್ರಜ್ಞ ಕತ್ತಲ ಕೋಣೆಯಲ್ಲಿ ಇದನ್ನೇ ಪ್ರಯೋಗ ಮಾಡಿದ. ಕದಲದ ಬೆಳಕು ಎಷ್ಟು ಕದಲಿತೆಂದು ಒಬ್ಬೊಬ್ಬರನ್ನೇ ಕೇಳಿದಾಗ ಒಬ್ಬೊಬ್ಬರದು ಒಂದೊಂದು ಅಳತೆ. ಗುಂಪಿನಲ್ಲಿ ಕೂರಿಸಿ ಕೇಳಿದಾಗ ಎಲ್ಲರ ಅಳತೆಯೂ ಹತ್ತಿರ ಹತ್ತಿರ ಬಂತು. ಹತ್ತು ಜನ ಒಟ್ಟಿಗೆ ನೋಡಿದ್ದಾರೆ ಎನ್ನುವುದು ಬೆಳಕಿನ ವಿಷಯದಲ್ಲಿ ಬಲವಾದ ಸಾಕ್ಷಿ ಯಾಕಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕದು.

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ನಡೆಸಿದ ‘ಬ್ಲೂ ಬುಕ್’ ಯೋಜನೆಯಲ್ಲಿ 12,618 ವರದಿಗಳು ಸೇರಿದ್ದವು. ಕೊನೆಗೂ ಗುರುತು ಸಿಗದೆ ಉಳಿದವು 701. ಗುರುತು ಸಿಕ್ಕವುಗಳ ರಾಶಿಯಲ್ಲಿ ಗ್ರಹಗಳು, ನಕ್ಷತ್ರಗಳು, ಬಲೂನುಗಳು, ವಿಮಾನಗಳು ಬೇಕಾದಷ್ಟು.

ದೀಪಸ್ತಂಭದ ಐದು ಸೆಕೆಂಡು

ಕಡಲ ತೀರದ್ದೇ ಪ್ರಕರಣ ಬೇಕೆನ್ನುವವರಿಗೆ ಇಂಗ್ಲೆಂಡಿನ ಪೂರ್ವ ಕರಾವಳಿ ಇದೆ. 1980ರ ಡಿಸೆಂಬರ್, ಕ್ರಿಸ್‌ಮಸ್ ಮರುದಿನದ ನಸುಕು. ರೆಂಡ್ಲ್‌ಷಮ್ ಕಾಡಿನ ಪಕ್ಕದ ವುಡ್‌ಬ್ರಿಜ್ ವಾಯುನೆಲೆಯನ್ನು ಆಗ ಅಮೆರಿಕದ ಪಡೆ ಬಳಸುತ್ತಿತ್ತು. ಕಾಡಿನೊಳಗೆ ಏನೋ ಇಳಿದಂತೆ ಕಾವಲಿನವರಿಗೆ ಕಂಡಿತು. ಒಂದೆರಡು ರಾತ್ರಿಯ ನಂತರ ನೆಲೆಯ ಉಪ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ಹಾಲ್ಟ್ ಸ್ವತಃ ವಿಕಿರಣ ಮಾಪಕ, ಟೇಪ್ ರೆಕಾರ್ಡರ್ ಹಿಡಿದು ಕಾಡು ಹೊಕ್ಕ. ಮರಗಳ ನಡುವೆ ಬೆಳಕು ಹೊತ್ತಿ ಆರುತ್ತಿತ್ತು. ಅವನು ಬರೆದ ಟಿಪ್ಪಣಿ 1983ರಲ್ಲಿ ಬಯಲಾದಾಗ ಬ್ರಿಟನ್ನಿನಲ್ಲಿ ದೊಡ್ಡ ಗದ್ದಲ.

ಆಮೇಲೆ ಆ ಕಾಡಿನಲ್ಲೇ ಕೆಲಸ ಮಾಡುತ್ತಿದ್ದ ಅರಣ್ಯ ನೌಕರನೊಬ್ಬ ಬೇರೆಯೇ ದಿಕ್ಕು ತೋರಿಸಿದ. ಅದೇ ನೇರದಲ್ಲಿ, ಎಂಟು ಕಿ.ಮೀ. ಆಚೆ, ಕಡಲಂಚಿನಲ್ಲಿ ಆರ್ಫರ್ಡ್‌ನೆಸ್ ದೀಪಸ್ತಂಭ. ಅದು ಐದು ಸೆಕೆಂಡಿಗೊಮ್ಮೆ ಬೆಳಕು ಬೀರುತ್ತಿತ್ತು. ಹಾಲ್ಟ್‌ನ ಟೇಪಿನಲ್ಲಿ ‘ಬಂತು’ ಎಂಬ ಕೂಗಿಗೂ ಮುಂದಿನ ಕೂಗಿಗೂ ನಡುವಿನ ಅಂತರ ಐದು ಸೆಕೆಂಡು. ಮೊದಲ ರಾತ್ರಿ ಇಂಗ್ಲೆಂಡಿನ ಆಕಾಶದಲ್ಲಿ ದೊಡ್ಡ ಉಲ್ಕೆಯೊಂದು ಉರಿದಿದ್ದೂ ದಾಖಲಾಗಿದೆ. ಹಾಲ್ಟ್ ಮಾತ್ರ ಈ ವಿವರಣೆಯನ್ನು ಒಪ್ಪಿಲ್ಲ. ದೀಪಸ್ತಂಭವನ್ನು 2013ರಲ್ಲಿ ಆರಿಸಿ, ಕಡಲು ಕೊರೆದು ಹತ್ತಿರ ಬಂದದ್ದರಿಂದ 2020ರಲ್ಲಿ ಕೆಡವಿದರು. ಕಥೆಗೆ ಆಯಸ್ಸು ಇನ್ನೂ ಇದೆ.

ಬ್ರೆಜಿಲ್‌ನದ್ದು ಇನ್ನೂ ಕಾವಿನ ಪ್ರಕರಣ. 1977ರಲ್ಲಿ ಅಮೆಜಾನ್ ಕಡಲಿಗೆ ಸೇರುವ ಕಡೆಯ ಕೊಲಾರೆಸ್ ದ್ವೀಪದಲ್ಲಿ ಆಕಾಶದ ಬೆಳಕು ಮೈಮೇಲೆ ಬಿದ್ದು ರಕ್ತ ಹೀರುತ್ತದೆ ಎಂಬ ಗುಲ್ಲು ಹಬ್ಬಿತು. ಮೀನುಗಾರರ ಕುಟುಂಬಗಳು ರಾತ್ರಿಯಿಡೀ ಬೆಂಕಿ ಹಾಕಿಕೊಂಡು, ಪಟಾಕಿ ಹೊಡೆದು ಎಚ್ಚರವಿದ್ದವು. ವಾಯುಪಡೆ ಕ್ಯಾಪ್ಟನ್ ಉಯಿರಾಂಜೆ ಹೊಲಾಂಡಾ ನೇತೃತ್ವದ ತಂಡ ತಿಂಗಳುಗಟ್ಟಲೆ ಬೀಡುಬಿಟ್ಟು ನೂರಾರು ಚಿತ್ರ ತೆಗೆಯಿತು. ಅವುಗಳಲ್ಲಿ ಹೆಚ್ಚಿನವು ಕಪ್ಪು ಹಿನ್ನೆಲೆಯಲ್ಲಿ ಒಂದೊಂದು ಬಿಳಿ ಚುಕ್ಕೆ. ಹೋಲಿಸಲು ಬೇರೇನೂ ಇಲ್ಲದ ಚುಕ್ಕೆಯಿಂದ ಯಾರಿಗೂ ಏನೂ ಅಳೆಯಲಾಗದು. ಆ ಕಡತ ಇಂದಿಗೂ ಯಾರು ಬೇಕಾದರೂ ತಮಗೆ ಬೇಕಾದ ಹಾಗೆ ಓದುವಂತೆ ಉಳಿದಿದೆ.

ನಮ್ಮ ಪಡುವಣ ದಿಕ್ಕು

ಈಗ ಘಟ್ಟಕ್ಕೆ ಮರಳೋಣ. ಯಲ್ಲಾಪುರದ ಪಶ್ಚಿಮಕ್ಕೆ ಕಾಳಿ ಕಣಿವೆಯಲ್ಲಿ ಕೈಗಾ ಅಣುಸ್ಥಾವರ. ಅದರಾಚೆ ಕಾರವಾರದ ಪಕ್ಕ 2005ರ ಮೇ 31ರಂದು ಸೇವೆಗೆ ಸೇರಿದ, ದೇಶದ ಅತಿ ದೊಡ್ಡ ನೌಕಾನೆಲೆಯಾಗುವ ಹಾದಿಯಲ್ಲಿರುವ ಐಎನ್‌ಎಸ್ ಕದಂಬ. ಹೀಗಿರುವಾಗ ಪಡುವಣದಲ್ಲಿ ಕಂಡ ಬೆಳಕಿಗೆ ಸೇನೆಯ ಬಣ್ಣ ಬರದೆ ಇದ್ದೀತೆ?

ಎಷ್ಟು ದೂರದ್ದು ಕಾಣಬಹುದು ಎನ್ನುವುದಕ್ಕೆ ಲೆಕ್ಕವಿದೆ. ಕಡಲ ದಂಡೆಯಲ್ಲಿ ನಿಂತವನಿಗೆ ದಿಗಂತ ಇರುವುದು ಐದು ಕಿ.ಮೀ. ದೂರದಲ್ಲಿ. 600 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ ನಿಂತವನಿಗೆ 85 ಕಿ.ಮೀ. ಮೀರಿ. ಶಿರಸಿ ಸೀಮೆಯ ಘಟ್ಟದಂಚಿನ ಗುಡ್ಡಗಳಿಂದ ಕಡಲು ಅಷ್ಟು ದೂರವಿಲ್ಲ. ಕಾಡು, ಮಂಜು ಅಡ್ಡ ಬರದಿದ್ದರೆ ದಂಡೆಯಲ್ಲಿ ನಿಂತವನಿಗೆ ಕಾಣದ ಆಳಸಮುದ್ರದ ದೀಪ ಘಟ್ಟದ ಮೇಲಿನವನಿಗೆ ಕಂಡೀತು. ಇದು ಎಷ್ಟೋ ಜನರಿಗೆ ನಂಬಲು ಕಷ್ಟವಾಗುವ ಸಂಗತಿ.

ಕಡಲಲ್ಲಿ ದೀಪಗಳಿಗೇನು ಕಡಿಮೆ. ಜನರೇಟರ್ ಹೊತ್ತ ಬೋಟುಗಳು ಪ್ರಖರ ಎಲ್‌ಇಡಿ ದೀಪ ಉರಿಸಿ ನೀರನ್ನು ಬೆಳಗಿಸುತ್ತವೆ. ಬೆಳಕಿಗೆ ಸೂಕ್ಷ್ಮಜೀವಿಗಳು, ಅವನ್ನು ತಿನ್ನಲು ಸಣ್ಣ ಮೀನು, ಅದರ ಹಿಂದೆ ಬಂಗುಡೆ, ಬೊಂಡಾಸ್. ಆಮೇಲೆ ಸುತ್ತ ಬಲೆ. ಮರಿಮೀನನ್ನೂ ಬಿಡದೆ ಬಳಿಯುವ ಈ ಲೈಟ್ ಫಿಶಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ನಾಡದೋಣಿಯವರ ಹೋರಾಟ ಅದಕ್ಕಿಂತ ಹಳೆಯದು. ನಿಷೇಧದ ನಂತರವೂ ಕದ್ದುಮುಚ್ಚಿ ನಡೆಯುವುದೂ, ಕರಾವಳಿ ಕಾವಲು ಪೊಲೀಸರು ಬೋಟು ಹಿಡಿಯುವುದೂ ಸುದ್ದಿಯಾಗುತ್ತಲೇ ಇವೆ. ರಾತ್ರಿ ಕಡಲ ಕಡೆ ಮೋಡದ ಅಡಿಯಲ್ಲಿ ಬಿಳಿ ಹೊಳಪು ಕಂಡರೆ ನನ್ನ ಮೊದಲ ಶಂಕೆ ಇವರ ಮೇಲೆಯೇ. ಪರೀಕ್ಷಿಸುವ ದಾರಿಯೂ ಇದೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ, ಆಗ ಈ ಹೊಳಪೂ ಕಾಣಬಾರದು.

ನೀರೇ ಹೊಳೆಯುವುದೂ ಉಂಟು. 2020ರ ನವೆಂಬರ್‌ನಲ್ಲಿ ಕಾರವಾರದ ಕಡಲತೀರದಲ್ಲಿ ರಾತ್ರಿ ತೆರೆಗಳು ನೀಲಿಯಾಗಿ ಮಿನುಗಿ ಜನ ಮುಗಿಬಿದ್ದಿದ್ದರು. ನಾಕ್ಟಿಲೂಕಾ ಎಂಬ ಏಕಕೋಶ ಜೀವಿ ಕೋಟ್ಯಂತರ ಸಂಖ್ಯೆಯಲ್ಲಿ ಬೆಳೆದಾಗ, ಅಲೆ ತಾಗಿ ಕಲಕಿದ ಕೂಡಲೇ, ಅದರೊಳಗಿನ ರಾಸಾಯನಿಕ ಕ್ರಿಯೆ ಬೆಳಕು ಚಿಮ್ಮಿಸುತ್ತದೆ. ನೋಡಲು ಚೆಂದ, ವಿಪರೀತ ಬೆಳೆದರೆ ನೀರಿನ ಆಮ್ಲಜನಕ ಇಳಿದು ಮೀನಿಗೆ ಒಳ್ಳೆಯದಲ್ಲ. ಘಟ್ಟದ ಮೇಲಿಂದ ಇದು ಕಾಣದು, ತೀರಕ್ಕೇ ಇಳಿಯಬೇಕು.

ನೌಕಾಪಡೆಯ ಬೆಳಕುಗಳು ಇಲ್ಲವೇ ಇಲ್ಲ ಎಂದೇನೂ ಅಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾಗಿ ವಿವಾದವಾಗಿತ್ತು. ಅಭ್ಯಾಸಗಳಲ್ಲಿ ಹಾರಿಸುವ ಪ್ಯಾರಾಶೂಟ್ ಜ್ವಾಲೆ ನಿಮಿಷಗಟ್ಟಲೆ ಗಾಳಿಯಲ್ಲಿ ತೂಗುತ್ತ ಇಳಿಯುತ್ತದೆ. ಇನ್ನು ಕ್ಷಿಪಣಿ: 2022ರ ಡಿಸೆಂಬರ್ 15ರ ಸಂಜೆ ಒಡಿಶಾ ತೀರದಿಂದ ಹಾರಿದ ಅಗ್ನಿ-5ರ ಹೊಗೆಬಾಲ ಬಂಗಾಳ, ಅಸ್ಸಾಂವರೆಗೂ ಕಂಡು ಜನ ಹಾರುವ ತಟ್ಟೆಯೆಂದು ಚಿತ್ರ ಹಂಚಿಕೊಂಡಿದ್ದರು.

ಬಾಕ್ಸ್: ಕಾರವಾರದ ರಣಹದ್ದು

*2024ರ ನವೆಂಬರ್‌ನಲ್ಲಿ ಕಾರವಾರದ ಜನರಿಗೆ ಕಂಡದ್ದು ಬೆನ್ನ ಮೇಲೆ ಯಂತ್ರ ಹೊತ್ತ ರಣಹದ್ದು. ಹತ್ತಿರದಲ್ಲೇ ನೌಕಾನೆಲೆ, ಅಣುಸ್ಥಾವರ. ಬೇಹುಗಾರಿಕೆಯ ಮಾತು ಹಬ್ಬಲು ಹೊತ್ತಾಗಲಿಲ್ಲ. ವಿಚಾರಿಸಿದಾಗ ಅದು ಮಹಾರಾಷ್ಟ್ರದ ತಾಡೋಬಾ ಹುಲಿ ಸಂರಕ್ಷಿತ ಪ್ರದೇಶದಿಂದ ಬಿಟ್ಟ ಹಕ್ಕಿ. ಅಳಿವಿನಂಚಿನ ರಣಹದ್ದುಗಳ ಸಂಚಾರ ತಿಳಿಯಲು ಜಿಪಿಎಸ್ ಕಟ್ಟಿದ್ದರು. ಬೇಹುಗಾರಿಕೆ ನಡೆದದ್ದೇನೋ ನಿಜ, ಆದರೆ ಅದು ಹದ್ದಿನ ಮೇಲೆ.*

ಕೊಳ್ಳಿದೆವ್ವಕ್ಕೂ ಒಂದು ಕಡತ

ಸೇನೆ, ಡ್ರೋನ್ ಎಲ್ಲ ಬರುವ ಮೊದಲೇ ಮಲೆನಾಡಿಗೆ ತನ್ನದೇ ಬೆಳಕಿತ್ತು. ಕೊಳ್ಳಿದೆವ್ವ. ಗದ್ದೆ ಬಯಲಿನಾಚೆ, ಕಾಡಂಚಿನಲ್ಲಿ ಹೊತ್ತಿ, ಆರಿ, ಇನ್ನೆಲ್ಲೋ ಮತ್ತೆ ಹೊತ್ತಿಕೊಳ್ಳುವ ಬೆಂಕಿ. ಹತ್ತಿರ ಹೋದಷ್ಟೂ ದೂರ ಹೋಗುತ್ತದೆ ಎನ್ನುತ್ತಾರೆ.

ವಿಜ್ಞಾನದ ಪುಸ್ತಕಗಳು ಇದಕ್ಕೆ ಜೌಗುನೆಲದ ಅನಿಲ ಎಂದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತವೆ. ನನಗೆ ಅದು ತೀರಾ ಸಲೀಸಾಯಿತು ಅನ್ನಿಸುತ್ತದೆ. ಕೊಳೆತ ಸಸ್ಯದಿಂದ ಮೀಥೇನ್ ಏಳುವುದು ನಿಜ, ಅದು ತಾನಾಗಿ ಹೊತ್ತಿಕೊಳ್ಳುವುದು ಅಷ್ಟು ಸುಲಭವಲ್ಲ. ಅದಕ್ಕಿಂತ ಸರಳವಾದ ಉತ್ತರ ನಮ್ಮ ಹಿಂದಿನವರ ಕೈಯಲ್ಲೇ ಇತ್ತು: ಸೂಡಿ. ಒಣ ಗರಿಯ ಸೂಡಿ ಹಿಡಿದು ಕಾಡುದಾರಿಯಲ್ಲಿ ನಡೆಯುವವನು ಅದನ್ನು ಬೀಸುತ್ತಿರಬೇಕು. ಬೀಸಿದಾಗ ಧಗ್ಗನೆ ಹೊತ್ತುತ್ತದೆ, ಕೈ ನಿಂತಾಗ ಕೆಂಡವಾಗುತ್ತದೆ, ಮರ ಅಡ್ಡ ಬಂದಾಗ ಮಾಯವಾಗುತ್ತದೆ. ದೂರದ ಜಗಲಿಯಿಂದ ನೋಡುವವನಿಗೆ ಮನುಷ್ಯ ಕಾಣುವುದಿಲ್ಲ, ಬೆಂಕಿ ಮಾತ್ರ. ಮೊದಲ ಮಳೆಗೆ ಏಡಿ ಹಿಡಿಯಲು, ಹತ್ತುಮೀನು ಕಡಿಯಲು ಹೊಳೆಗಿಳಿದವರ ಬೆಳಕೂ ಹೀಗೇ. ಕಳ್ಳಶಿಕಾರಿಗೆ ಹೊರಟವನಿಗಂತೂ ತನ್ನ ಬೆಳಕನ್ನು ಜನ ದೆವ್ವವೆಂದುಕೊಂಡರೆ ಅನುಕೂಲವೇ.

ಇವೆಲ್ಲದರ ಜೊತೆಗೆ ಮುಂಗಾರಿನ ಮುಂಚಿನ ಮಿಂಚುಹುಳಗಳು, ಪಶ್ಚಿಮ ಘಟ್ಟದ ಮಳೆಕಾಡಿನ ಕೊಳೆತ ಕಟ್ಟಿಗೆಯ ಮೇಲೆ ಮಂದ ಹಸಿರಾಗಿ ಹೊಳೆಯುವ ಅಣಬೆಗಳು. ಸೂಡಿಯ ಜಾಗಕ್ಕೆ ಹೆಡ್‌ಲೈಟ್ ಬಂದ ಮೇಲೆ ಕೊಳ್ಳಿದೆವ್ವಗಳು ಕಡಿಮೆಯಾದವು. ಡ್ರೋನ್ ಬಂದ ಮೇಲೆ ಹೊಸ ಸಂತತಿ ಹುಟ್ಟಿದೆ. ಹೆಸರು ಬದಲಾದರೂ ಅದಕ್ಕೆ ವಾಸ ಅದೇ ಪಡುವಣ ಬೆಟ್ಟ.

ಎಂಟು ವರ್ಷಕ್ಕೊಮ್ಮೆ

ಶುಕ್ರನಿಗೆ ಒಂದು ರೂಢಿಯಿದೆ. ಎಂಟು ವರ್ಷಕ್ಕೊಮ್ಮೆ, ಎರಡು ದಿನ ಹೆಚ್ಚುಕಡಿಮೆಯಾಗಿ, ಅದು ಅದೇ ಜಾಗಕ್ಕೆ ಅದೇ ಹೊತ್ತಿಗೆ ಬರುತ್ತದೆ. ಶುಕ್ರ ಸಂಕ್ರಮಣ 2004ರ ಜೂನ್ 8ಕ್ಕೂ 2012ರ ಜೂನ್ 6ಕ್ಕೂ ಜೋಡಿಯಾಗಿ ಬಂದದ್ದು ಈ ಲೆಕ್ಕದಿಂದಲೇ.

2012ರ ಆಗಸ್ಟ್‌ಗೆ ಎಂಟು ಸೇರಿಸಿದರೆ 2020ರ ಆಗಸ್ಟ್. ಆ ತಿಂಗಳ ಕೊನೆಯ ರಾತ್ರಿಗಳಲ್ಲೇ ಭಾರತೀಯ ಸೇನೆ ಪ್ಯಾಂಗಾಂಗ್‌ನ ದಕ್ಷಿಣದ ಎತ್ತರಗಳನ್ನು ಏರಿ ಕೂತದ್ದು. ಗಲ್ವಾನ್‌ನಲ್ಲಿ ರಕ್ತ ಹರಿದು ಎರಡೂವರೆ ತಿಂಗಳಾಗಿತ್ತಷ್ಟೆ. ಠಾಕುಂಗ್‌ನ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂತು, ಈ ಸಲ ಟ್ಯಾಂಕುಗಳ ಸುದ್ದಿಯಲ್ಲಿ. ಎರಡೂ ಕಡೆ ಸಾವಿರಾರು ಜನ ನಿದ್ದೆಗೆಟ್ಟು ಪರಸ್ಪರ ನೋಡುತ್ತಿದ್ದ ಆ ನಸುಕುಗಳಲ್ಲಿ ಬೆಳ್ಳಿ 2012ರ ವೇಳಾಪಟ್ಟಿಯಂತೆಯೇ ಚೀನಾ ಬದಿಯಿಂದ ಎದ್ದು ಭಾರತದ ಕಡೆ ಬರುತ್ತಿತ್ತು.

ಮುಂದಿನ ಸರದಿ 2028. ಆಗಸ್ಟ್‌ನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಮಳೆಮೋಡ ಅಡ್ಡ. ಲಡಾಖ್‌ನವರಿಗೆ ಆ ತೊಂದರೆಯಿಲ್ಲ. ನಮ್ಮ ಪಾಲಿನದು ದೀಪಾವಳಿಗೆ ಸಿಗುತ್ತದೆ. ಅಭ್ಯಂಜನಕ್ಕೆ ಬೆಳಗಿನ ಜಾವ ಎದ್ದವರು ಹಂಡೆಗೆ ಬೆಂಕಿ ಹಾಕಿ ಮೂಡಣಕ್ಕೆ ತಿರುಗಿದರೆ ಸಾಕು.